ಗಾಳಿಗೊಂದು ದಾರಿ

ನಮ್ಮ ಕಡೆಯ ಬಚ್ಚಲು ಕೊಟ್ಟಿಗೆಯ ಹಂಡೆಗೆ ಮುಚ್ಚಳವುಂಟು, ಆದರೆ ಅದು ಬಿಗಿಯಾದ ಮುಚ್ಚಳವಲ್ಲ. ಒಂದು ಮನೆಯಲ್ಲಿ ಹಲಗೆಯ ತುಂಡು, ಇನ್ನೊಂದರಲ್ಲಿ ತಗಡು, ಮತ್ತೊಂದರಲ್ಲಿ ಅಂಚು ಮುರಿದ ಹಳೆಯ ಹರಿವಾಣ. ಅಡಿಕೆ ಸಿಪ್ಪೆಯೋ ತೆಂಗಿನ ಮಡಲೋ ಉರಿಯುತ್ತಿದ್ದಂತೆ ನೀರು ಮೊದಲು ಸಣ್ಣಗೆ ಹಾಡತೊಡಗುತ್ತದೆ. ಆಮೇಲೆ ಮುಚ್ಚಳದ ಸಂದಿಯಿಂದ ಉಸಿರು ಬಿಡುತ್ತದೆ. ಆ ಸಂದಿಯನ್ನು ಯಾರೂ ಲೆಕ್ಕ ಹಾಕಿ ಬಿಟ್ಟದ್ದಲ್ಲ. ಆದರೂ ಅದು ಅಲ್ಲಿ ಇರಲೇಬೇಕಾದದ್ದು.

ನೀರು ಕಾಯಿಸುವಾಗ ಎರಡು ಬಗೆಯ ಗುಳ್ಳೆಗಳು ಏಳುತ್ತವೆ. ಕುದಿ ಬಂದಾಗ ತಳದಿಂದ ಬುಳುಬುಳು ಏಳುವುದು ಆವಿ. ಅದಕ್ಕೆ ಬಹಳ ಮೊದಲೇ, ನೀರಿಗೆ ಕೈಯಿಡಬಹುದಾದಷ್ಟು ಮಾತ್ರ ಬಿಸಿ ಇರುವಾಗ, ಪಾತ್ರೆಯ ಒಳಮೈಗೆ ಸಾಸಿವೆಯಂಥ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಅದು ಆವಿಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ. ಮೀನು ಉಸಿರಾಡುವುದು ಇದರಿಂದಲೇ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಸುಮಾರು 18ರಿಂದ 19 ಮಿಲಿಲೀಟರ್ ಗಾಳಿ ಕರಗಿರಬಹುದು. 60 ಡಿಗ್ರಿಗೆ ಏರಿದಾಗ 12ರಷ್ಟು ಮಾತ್ರ ಉಳಿಯುತ್ತದೆ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗಿದರೆ ಗಾಳಿಯದ್ದು ಅದಕ್ಕೆ ತಿರುಗುಮುರುಗು. ನೂರು ಲೀಟರಿನ ಒಂದು ಹಂಡೆ ಅಷ್ಟು ಬಿಸಿಯಾದರೆ ಅರ್ಧ ಲೀಟರಿಗೂ ಮಿಕ್ಕಿ ಗಾಳಿ ಹೊರಬೀಳುತ್ತದೆ. ತೆರೆದ ಹಂಡೆಯಲ್ಲಿ ಅದು ಹೋದದ್ದೇ ಗೊತ್ತಾಗುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಅದು ಹೋಗುವುದೆಲ್ಲಿಗೆ?

ಈ ಪ್ರಶ್ನೆಯೊಡನೆ ನನ್ನ ಆಯುಷ್ಯದ ದೊಡ್ಡ ಭಾಗ ಕಳೆದಿದೆ. ನಾನು ಕಾಸರಗೋಡು ಬಿಟ್ಟು ಸೇಲಂ ಸೇರಿದವನು. ನೂಲಿಗೆ ಬಣ್ಣ ಹಾಕುವ ಒಂದು ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಕೆಲಸ. ಮನೆಯಾಕೆಯ ತವರು ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಕಡೆ. 1965ರ ಅಕ್ಟೋಬರ್ 2ರವರೆಗೆ ಆ ಸೀಮೆಯೂ ಸೇಲಂ ಜಿಲ್ಲೆಯೇ ಆಗಿತ್ತು. ಅಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ನೊಳಂಬರ ಕಾಲದ ಕನ್ನಡ ಶಾಸನಗಳಿರುವ ಧರ್ಮಪುರಿಯಲ್ಲಿ ಇಂದು ಕನ್ನಡ ಓದಲು ಬಾರದ ಕನ್ನಡದ ಮಕ್ಕಳಿದ್ದಾರೆ. ಕಾಸರಗೋಡಿನವನಾದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಸೇಲಂನ ನಮ್ಮ ಮನೆಯ ತಾರಸಿಗೆ ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್ ಹೀಟರ್ ಬಂತು. ಕಟ್ಟಿಗೆಯಿಲ್ಲ, ಹೊಗೆಯಿಲ್ಲ, ಬೂದಿ ಬಾಚುವುದಿಲ್ಲ. ಆದರೆ ಜೋಡಿಸಲು ಬಂದವರು ಬಿಸಿನೀರಿನ ಕೊಳವೆಯನ್ನು ತಾರಸಿಯ ಕೈಗೋಡೆಯ ಮೇಲೆ ಹತ್ತಿಸಿ ಆಚೆಗೆ ಇಳಿಸಿಬಿಟ್ಟರು. ಕೊಳವೆಗೆ ಅಲ್ಲಿ ಒಂಟೆಯ ಡುಬ್ಬದಂಥ ಗುಡ್ಡೆಯಾಯಿತು. ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮುದುಕರ ಹಾಗೆ ಕೆಮ್ಮುವುದು, ಉಗುಳುವುದು, ಕೊನೆಗೆ ದಾರದಷ್ಟು ನೀರು. ಕರೆದಾಗ ಬಂದವರು ಟ್ಯಾಂಕಿಯಲ್ಲಿ ನೀರು ಸಾಲದು ಎಂದರು, ಕೊಳವೆಯಲ್ಲಿ ಕಸ ಎಂದರು, ಕೊನೆಗೆ ಪಂಪು ಕೂರಿಸಿ ಎಂದರು. ಟ್ಯಾಂಕಿ ತುಂಬಿಯೇ ಇತ್ತು, ಕೊಳವೆ ಹೊಸತು.

ನಮ್ಮೂರಲ್ಲಿ ಸುರಂಗದಿಂದ ಮನೆಗೆ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತರುವವರಿಗೆ ಈ ಕಾಯಿಲೆ ಹೊಸದಲ್ಲ. ಗುಡ್ಡದ ಏರಿಳಿತದಲ್ಲಿ ಕೊಳವೆ ಎಲ್ಲಿ ಡುಬ್ಬ ಎದ್ದಿರುತ್ತದೋ ಅಲ್ಲಿ ಗಾಳಿ ಕೂರುತ್ತದೆ. ನೀರಿಗಿಂತ ಹಗುರವಾದ್ದರಿಂದ ಅದಕ್ಕೆ ಇಳಿಯುವ ದಾರಿ ಸಲ್ಲದು. ಮೇಲಕ್ಕೆ ಹೋಗಲು ದಾರಿಯಿಲ್ಲ. ಬಾಗಿಲಲ್ಲಿ ಕೂತ ಮೊಂಡ ನೆಂಟನಂತೆ ಅದು ನೀರಿಗೆ ದಾರಿ ಕೊಡುವುದಿಲ್ಲ. ಹಿರಿಯರು ಆ ಡುಬ್ಬದ ಮೇಲೆ ಸಣ್ಣ ತೂತು ಮಾಡಿ, ಗಾಳಿ ಹೋದ ಮೇಲೆ ಮುಳ್ಳು ಚುಚ್ಚಿ ಮುಚ್ಚುತ್ತಿದ್ದರು. ಉದ್ದದ ಸುರಂಗಗಳಿಗೆ ಮೇಲಿನಿಂದ ಗಾಳಿಗಂಡಿ ತೋಡಿದ ನಾಡಿನವರಿಗೆ, ನೀರಿನ ದಾರಿಯಲ್ಲಿ ಗಾಳಿಗೂ ದಾರಿ ಬೇಕೆಂಬುದು ತಿಳಿಯದ ವಿಷಯವೇ?

ಅದೇ ಕೆಲಸವನ್ನು ತಾನಾಗಿ ಮಾಡುವ ಒಂದು ಸಣ್ಣ ಸಾಧನವಿದೆ. ಆಟೊಮ್ಯಾಟಿಕ್ ಏರ್ ವೆಂಟ್ ಎನ್ನುತ್ತಾರೆ. ತಾನೇ ತೆರೆದು ತಾನೇ ಮುಚ್ಚುವ ಗಾಳಿಗಂಡಿ. ಹಿತ್ತಾಳೆಯ ಒಂದು ಪುಟ್ಟ ಕುಪ್ಪಿ, ಎತ್ತರ ಒಂದು ಗೇಣಿಗಿಂತ ಕಡಿಮೆ. ಒಳಗೆ ನೀರಲ್ಲಿ ತೇಲುವ ಬುರುಡೆ, ಅದಕ್ಕೆ ಜೋಡಿಸಿದ ಸೂಜಿ, ನೆತ್ತಿಯಲ್ಲಿ ಕಿರಿದಾದ ತೂತು. ಕುಪ್ಪಿಯಲ್ಲಿ ನೀರು ತುಂಬಿದ್ದಾಗ ಬುರುಡೆ ಮೇಲೇರಿ ಸೂಜಿ ತೂತನ್ನು ಮುಚ್ಚುತ್ತದೆ. ಗಾಳಿ ಬಂದು ಸೇರಿದಷ್ಟೂ ನೀರು ಕೆಳಗೆ ಸರಿದು, ಬುರುಡೆ ಇಳಿದು, ತೂತು ತೆರೆಯುತ್ತದೆ. ಗಾಳಿ ಸುಯ್ಯೆಂದು ಹೋಗುತ್ತದೆ. ಗಾಳಿ ಹೋದ ಜಾಗಕ್ಕೆ ನೀರು ಬಂದು ಬುರುಡೆಯನ್ನು ಮತ್ತೆ ಎತ್ತುತ್ತದೆ. ವಿದ್ಯುತ್ತು ಬೇಡ, ಕಾವಲು ಬೇಡ.

ಇದನ್ನು ಕೂರಿಸುವಾಗ ನೋಡಬೇಕಾದ್ದು ಕೆಲವೇ ಸಂಗತಿ. ಕೊಳವೆಯ ಅತಿ ಎತ್ತರದ ಜಾಗದಲ್ಲಿ, ನೆಟ್ಟಗೆ ನಿಲ್ಲಿಸಬೇಕು. ಓರೆಯಾದರೆ ಬುರುಡೆ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಮೇಲೊಂದು ಸಣ್ಣ ಟೊಪ್ಪಿ ಇರುತ್ತದೆ. ಅದನ್ನು ಒಂದೆರಡು ಸುತ್ತು ಸಡಿಲಿಸಿ ಬಿಡಬೇಕು. ಬಿಗಿಯಾಗಿ ತಿರುಗಿಸಿಟ್ಟರೆ ಸಾಧನ ಬರಿಯ ಒಡವೆ. ಅದರ ಕೆಳಗೆ ಒಂದು ಸಣ್ಣ ಕವಾಟವಿದ್ದರೆ ನೀರು ನಿಲ್ಲಿಸದೆ ಬಿಚ್ಚಿ ತೊಳೆಯಬಹುದು. ಇನ್ನು ಆ ಜಾಗ ಮೇಲಿನ ತಣ್ಣೀರು ಟ್ಯಾಂಕಿಯ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿರಬೇಕು. ಅಲ್ಲಿ ನೀರಿನ ಒತ್ತಡ ಇದ್ದರಷ್ಟೇ ಗಾಳಿ ಹೊರಗೆ ತಳ್ಳಲ್ಪಡುವುದು. ಇಲ್ಲವಾದರೆ ಹೊರಗಿನ ಗಾಳಿಯೇ ಒಳಗೆ ಬರುತ್ತದೆ. ನಮ್ಮ ಕೈಗೋಡೆ ಟ್ಯಾಂಕಿಯ ಮಟ್ಟಕ್ಕಿಂತ ನಾಲ್ಕು ಅಡಿ ಕೆಳಗಿತ್ತು. ಕುಪ್ಪಿ ಕೂರಿಸಿದ ದಿನವೇ ನಲ್ಲಿಯ ಕೆಮ್ಮು ನಿಂತಿತು.

ಆದರೆ ಸೇಲಂನ ಕೊಳವೆಬಾವಿಯ ನೀರು ಗಡಸು. ಅನ್ನ ಬೇಯಿಸಿದ ಪಾತ್ರೆಯ ಮೇಲೆ ಬಿಳಿ ಪೊರೆ ಕಟ್ಟುವ ಅದೇ ಸುಣ್ಣ ಸೂಜಿಯ ಬಾಯಿಗೂ ಕಟ್ಟುತ್ತದೆ. ಆಗ ತೂತು ಪೂರ್ತಿ ಮುಚ್ಚದೆ ಹನಿಯುತ್ತದೆ, ಇಲ್ಲವೆ ತೆರೆಯುವುದೇ ಇಲ್ಲ. ವರ್ಷಕ್ಕೊಮ್ಮೆ ಬಿಚ್ಚಿ ವಿನೆಗರಿನಲ್ಲೋ ಹುಣಸೆ ನೀರಿನಲ್ಲೋ ನೆನೆಸಿಟ್ಟರೆ ಸರಿಯಾಗುತ್ತದೆ. ಹನಿಯುತ್ತದೆಂದು ಟೊಪ್ಪಿಯನ್ನು ಬಿಗಿದುಬಿಡುವವರೇ ಹೆಚ್ಚು. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ. ಸೋಲಾರ್ ಟ್ಯಾಂಕಿಯ ಮೇಲೆ ನೆಟ್ಟಗೆ ನಿಂತ ತೆರೆಬಾಯಿಯ ಕೊಳವೆಗೆ ಮರದ ಬೆಣೆ ಹೊಡೆದವರನ್ನು ನಾನು ನೋಡಿದ್ದೇನೆ. ಅದು ಗಾಳಿಗೂ ಆವಿಗೂ ಹೋಗಲು ಬರಲು ಇರುವ ದಾರಿ. ಅದನ್ನು ಮುಚ್ಚಿದರೆ ಟ್ಯಾಂಕಿ ಉಬ್ಬಿ ಒಡೆಯಬಹುದು, ಇಲ್ಲವೆ ನೀರು ಖಾಲಿಯಾಗುವಾಗ ಒಳಗೆ ಕುಗ್ಗಿ ಚಪ್ಪಟೆಯಾಗಬಹುದು. ಗಾಳಿಗಂಡಿಯ ಕುಪ್ಪಿ ಬೇರೆ, ಒತ್ತಡ ಮಿತಿಮೀರಿದಾಗ ತೆರೆಯುವ ಸೇಫ್ಟಿ ವಾಲ್ವ್ ಬೇರೆ. ಒಂದರ ಕೆಲಸವನ್ನು ಇನ್ನೊಂದು ಮಾಡದು.

ಕಾರ್ಖಾನೆಯ ಬಾಯ್ಲರಿನಲ್ಲಿ ಈ ಬಾಗಿಲನ್ನು ನಾವು ಕೈಯಿಂದಲೇ ತೆರೆಯುತ್ತಿದ್ದೆವು. ತಣ್ಣಗಿದ್ದ ಬಾಯ್ಲರಿಗೆ ಬೆಂಕಿ ಹಾಕುವ ಮೊದಲು ನೆತ್ತಿಯ ಗಾಳಿ ಕವಾಟ ತೆರೆದಿಡುವುದು ನಿಯಮ. ಮೊದಲು ಸುಮ್ಮನೆ ಗಾಳಿ, ಆಮೇಲೆ ಬಿಟ್ಟುಬಿಟ್ಟು ಆವಿ, ಕೊನೆಗೆ ಎಡೆಬಿಡದ ಆವಿ. ಆಗ ಮುಚ್ಚಬೇಕು. ಗಾಳಿ ಒಳಗುಳಿದರೆ ಒತ್ತಡದ ಮುಳ್ಳು ಸುಳ್ಳು ಹೇಳುತ್ತದೆ. ಅದು ತೋರಿಸುವುದು ಆವಿ, ಗಾಳಿ ಎರಡರ ಒಟ್ಟು ಒತ್ತಡವನ್ನು. ಬಿಸಿ ಮಾತ್ರ ಆವಿಯ ಪಾಲಿನಷ್ಟೇ. ಮುಳ್ಳು ನೋಡಿ ಬಣ್ಣದ ತೊಟ್ಟಿಗೆ ಆವಿ ಬಿಟ್ಟರೆ ನೂಲಿಗೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಗಾಳಿಯೊಳಗಿನ ಆಮ್ಲಜನಕವಂತೂ ಬಿಸಿ ಕಬ್ಬಿಣವನ್ನು ಗೆದ್ದಲಿನಂತೆ ತಿನ್ನುತ್ತದೆ. 1987ರಲ್ಲಿ ಮೊದಲ ಘಟಕ ಆರಂಭವಾದ ಮೆಟ್ಟೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಂಥ ಕಡೆ ಬಾಯ್ಲರಿಗೆ ಹೋಗುವ ನೀರಿನಿಂದ ಗಾಳಿ ತೆಗೆಯಲೆಂದೇ ಒಂದು ದೊಡ್ಡ ಪಾತ್ರೆಯಿರುತ್ತದೆ. ಅದರಲ್ಲಿ ನೀರನ್ನು ಆವಿಯಿಂದ ಕುದಿಬಿಂದುವಿಗೆ ತಂದು ಗಾಳಿಯನ್ನು ಓಡಿಸುತ್ತಾರೆ. ಅಂಥ ದೊಡ್ಡ ಬಾಯ್ಲರುಗಳಲ್ಲಿ ಉಳಿಯುವ ಆಮ್ಲಜನಕ ಲೀಟರಿಗೆ ಒಂದು ಮಿಲಿಗ್ರಾಮಿನ ನೂರನೆಯ ಒಂದು ಪಾಲಿಗಿಂತ ಕಡಿಮೆ ಇರಬೇಕು.

ಈ ತೊಂದರೆ ಉಗಿಯಂತ್ರದಷ್ಟೇ ಹಳೆಯದು. ಇಂಗ್ಲೆಂಡಿನಲ್ಲಿ 1712ರಲ್ಲಿ ಥಾಮಸ್ ನ್ಯೂಕಾಮನ್ ಕಟ್ಟಿದ ಯಂತ್ರದಲ್ಲಿ ಆವಿಯೊಡನೆ, ತಣಿಸುವ ನೀರಿನೊಡನೆ ಬಂದ ಗಾಳಿ ಸಿಲಿಂಡರಿನಲ್ಲಿ ಸೇರಿ ಯಂತ್ರ ನಿಲ್ಲುವ ಸಂಭವವಿತ್ತು. ಅದಕ್ಕೆಂದು ಅವನು ಒಂದು ಸಣ್ಣ ಕವಾಟ ಇಟ್ಟ. ಪ್ರತಿ ಹೊಡೆತಕ್ಕೂ ಅದು ನೆಗಡಿಯಾದವನು ಮೂಗೆಳೆದಂತೆ ಸದ್ದು ಮಾಡುತ್ತಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಆ ಸದ್ದಿನದ್ದೇ ಹೆಸರು ನಿಂತಿತು.

ಚಳಿದೇಶಗಳಿಗೆ ಹೋಗಿ ನೆಲೆಸಿದ ನಮ್ಮವರ ಮಕ್ಕಳ ಮನೆಗಳಲ್ಲಿ ಈ ಕುಪ್ಪಿ ಇನ್ನೂ ಮುಖ್ಯ. ಅಲ್ಲಿ ಬಾಯ್ಲರ್ ಇರುವುದು ಸ್ನಾನಕ್ಕೆ ಮಾತ್ರವಲ್ಲ, ಮನೆ ಬೆಚ್ಚಗಿಡುವುದಕ್ಕೆ. ಬಿಸಿನೀರು ಕೋಣೆಕೋಣೆಯ ಕಬ್ಬಿಣದ ಫಲಕಗಳಲ್ಲಿ ಸುತ್ತಿ ಮತ್ತೆ ಬಾಯ್ಲರಿಗೆ ಬರುತ್ತದೆ. ಫಲಕದ ಕೆಳಭಾಗ ಬಿಸಿ, ಮೇಲ್ಭಾಗ ತಣ್ಣಗೆ ಎಂದಾದರೆ ಮೇಲೆ ಗಾಳಿ ಕೂತಿದೆಯೆಂದು ತಿಳಿಯಬೇಕು. ಗೋಡೆಯೊಳಗೆ ರಾತ್ರಿ ಗೊಳಗೊಳ ಸದ್ದಾದರೂ ಅದೇ. ಅಲ್ಲಿಂದ ಫೋನಿನಲ್ಲಿ ಕೇಳಿದವರಿಗೆ ನಾನು ಹೇಳುವುದು ಇಷ್ಟು: ಒಮ್ಮೆ ತುಂಬಿದ ನೀರೇ ಸುತ್ತುವುದರಿಂದ ಅದರ ಗಾಳಿ ಕೆಲವು ದಿನಗಳಲ್ಲಿ ಮುಗಿಯಬೇಕು. ವಾರವಾರವೂ ಗಾಳಿ ಬಿಡಬೇಕಾಗಿ ಬಂದರೆ ಎಲ್ಲೋ ನೀರು ಸೋರಿ ಹೊಸ ನೀರು ಸೇರುತ್ತಿದೆ. ಅಥವಾ ಪಂಪಿನ ಸೆಳೆತವಿರುವ ಕಡೆ ಕುಪ್ಪಿ ಕೂರಿಸಿದ್ದರಿಂದ ಅದೇ ಗಾಳಿಯನ್ನು ಒಳಗೆ ಎಳೆಯುತ್ತಿದೆ. ಗಾಳಿ ಬಿಡುವುದು ಮದ್ದು. ಗಾಳಿ ಎಲ್ಲಿಂದ ಬರುತ್ತದೆಂದು ಹುಡುಕುವುದು ಚಿಕಿತ್ಸೆ.

ಬಿಸಿ ಮಾಡಿದರೆ ನೀರಿನಿಂದ ಏನು ಹೋಗುತ್ತದೆಂದು ಇಷ್ಟು ಹೊತ್ತು ಹೇಳಿದೆ. ಏನು ಹೋಗುವುದಿಲ್ಲ ಎಂಬುದನ್ನು ನಾನು ಹೇಳಬೇಕಾಗಿ ಬಂದದ್ದು ಹೆಂಡತಿಯ ತವರಿನಲ್ಲಿ.

ಆ ಕಡೆ ಅಳಿಯನಿಗೆ 'ಮಾಪ್ಳೆ' ಎನ್ನುತ್ತಾರೆ. ಕಾಸರಗೋಡಿನಲ್ಲಿ ಆ ಮಾತಿಗೆ ಬೇರೆ ಅರ್ಥವಿರುವುದರಿಂದ ಮೊದಮೊದಲು ನನಗೆ ನಗು ಬರುತ್ತಿತ್ತು. ಅತ್ತೆ ನೀರಿನ ಲೋಟ ಕೊಡುವಾಗ ಹೇಳುತ್ತಿದ್ದರು: "ಚೆನ್ನಾಗಿ ಕುದಿಸಿದ್ದೀನಿ ಮಾಪ್ಳೆ, ಕೆಟ್ಟದ್ದೆಲ್ಲ ಹೋಗಿರ್ತದೆ." ಆ ಊರಿನಲ್ಲಿ ಎಲ್ಲರ ನಂಬಿಕೆಯೂ ಅದೇ. ನೀರು ಸರಿಯಿಲ್ಲ ಎಂದು ಅವರಿಗೆ ಗೊತ್ತಿತ್ತು. ಧರ್ಮಪುರಿ ಸೀಮೆಯ ಬಂಡೆಗಳಿಂದ ಅಂತರ್ಜಲಕ್ಕೆ ಫ್ಲೋರೈಡ್ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿನೊಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಅದಕ್ಕೆ ಮೀರಿದ ನೀರನ್ನು ಹಲ್ಲು ಮೂಡುವ ವಯಸ್ಸಿನ ಮಕ್ಕಳು ಕುಡಿದರೆ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಮಚ್ಚೆ, ಆಮೇಲೆ ಕಂದು ಗೆರೆ. ಇನ್ನೂ ಹೆಚ್ಚಿನದನ್ನು ಹಲವು ವರ್ಷ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ.

ಕುದಿಸುವುದರಿಂದ ಕ್ರಿಮಿ ಸಾಯುತ್ತದೆ, ಗಾಳಿ ಹೋಗುತ್ತದೆ. ಫ್ಲೋರೈಡ್ ಗಾಳಿಯಲ್ಲ, ಉಪ್ಪಿನ ಜಾತಿ. ಅದು ಎಲ್ಲಿಗೂ ಹೋಗುವುದಿಲ್ಲ. ಹೋಗುವುದು ನೀರೇ. ಲೀಟರಿಗೆ 2 ಮಿಲಿಗ್ರಾಂ ಇದ್ದ ನೀರನ್ನು ಅರ್ಧಕ್ಕೆ ಇಂಗಿಸಿದರೆ ಅದು 4 ಆಗುತ್ತದೆ. ಹೆಚ್ಚು ಕಾಳಜಿಯಿಂದ ಹೆಚ್ಚು ಹೊತ್ತು ಕುದಿಸಿದ ತಾಯಿಯೇ ಮಗುವಿಗೆ ಹೆಚ್ಚು ಕೊಟ್ಟಂತೆ. ಸ್ನಾನಕ್ಕೆ ಆ ನೀರು ಬಾಧಕವಲ್ಲ. ಕುಡಿಯುವುದಕ್ಕೂ ಅಡುಗೆಗೂ ಮಾತ್ರ ಸಲ್ಲದು. ಹಂಡೆಯ ಮಟ್ಟಿಗೆ ಸರಿಯಾದ ತಿಳಿವಳಿಕೆ ಲೋಟದ ಮಟ್ಟಿಗೆ ಸರಿಯಲ್ಲ.

ಅತ್ತೆಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಅವರ ಮೊಮ್ಮಗಳು, ನನ್ನ ಭಾವಮೈದುನನ ಮಗಳು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವವಳು. ಮದುವೆಯ ಫೋಟೋಗಳಲ್ಲೆಲ್ಲ ಅವಳ ತುಟಿ ಮುಚ್ಚಿದೆ. ಇದ್ದಿಲಿನಿಂದ ಉಜ್ಜಿದರು, ಉಪ್ಪಿನಿಂದ ಉಜ್ಜಿದರು. ಗೆರೆ ಹಲ್ಲಿನ ಮೇಲಿರುವುದಲ್ಲ, ಹಲ್ಲಿನ ಒಳಗಿರುವುದು. "ಹಾಗಾದರೆ ನಾವು ಏನು ಕುಡಿಯೋದು?" ಎಂದು ಅತ್ತೆ ಕೇಳಿದರು. ಬಾಯ್ಲರ್ ಮನೆಯವನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಪಟಿಕ, ಸುಣ್ಣ ಹಾಕಿ ಫ್ಲೋರೈಡನ್ನು ಇಳಿಸುವ ವಿಧಾನವೊಂದಿದೆ. ನಾಗಪುರದ ಸಂಶೋಧನಾ ಸಂಸ್ಥೆ ರೂಪಿಸಿದ ಅದಕ್ಕೆ ನಲ್ಗೊಂಡ ವಿಧಾನ ಎಂದು ಹೆಸರು. ಆದರೆ ದಿನವೂ ಅಳೆದು, ಕಲಕಿ, ಕೆಸರು ತೆಗೆಯುವುದು ಕೂಲಿಗೆ ಹೋಗುವ ಮನೆಗಳಲ್ಲಿ ನಡೆಯುವುದಿಲ್ಲ.

ಉತ್ತರ ಮೂವತ್ತು ಕಿಲೋಮೀಟರಿನೊಳಗೆ ಹರಿಯುತ್ತಿತ್ತು. ಹೊಗೆನಕಲ್. ಬಂಡೆಗೆ ಬಿದ್ದ ಕಾವೇರಿಯ ತುಂತುರು ಹೊಗೆಯಂತೆ ಏಳುವುದರಿಂದ ಬಂದ ಕನ್ನಡದ ಹೆಸರು. ಅಲ್ಲಿಂದ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕುಡಿಯುವ ನೀರು ಒಯ್ಯುವ ಬಗ್ಗೆ ಎರಡು ರಾಜ್ಯಗಳ ನಡುವೆ 1998ರಲ್ಲೇ ಮಾತಾಗಿತ್ತು. 2008ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿತ್ತು. ಕೂಡಲೇ ಎರಡೂ ಕಡೆ ಗದ್ದಲ, ಬಸ್ಸುಗಳ ತಡೆ, ಚಿತ್ರಮಂದಿರಗಳ ಮೇಲೆ ಸಿಟ್ಟು. ಕರ್ನಾಟಕದ ಚುನಾವಣೆ ಮುಗಿಯುವವರೆಗೆ ಯೋಜನೆಯನ್ನು ಮುಂದೂಡಿದ್ದಾಗಿ ಏಪ್ರಿಲಿನಲ್ಲಿ ಕರುಣಾನಿಧಿಯವರು ಹೇಳಿದರು.

ಆ ದಿನಗಳಲ್ಲಿ ಮಾವನ ಮನೆಯ ಜಗುಲಿಯಲ್ಲಿ ಕನ್ನಡ ತಗ್ಗಿದ ದನಿಯಲ್ಲಿ ನಡೆಯುತ್ತಿತ್ತು. ಬೆಂಗಳೂರಿನಲ್ಲಿ ಕನ್ನಡದ ಹೆಸರಿನಲ್ಲಿ ಬೇಡವೆನ್ನುತ್ತಿದ್ದ ನೀರನ್ನು ಇಲ್ಲಿ ಕನ್ನಡ ಮಾತಾಡುವ ಮನೆಯೇ ಕಾಯುತ್ತಿತ್ತು. ಹೊರಗೆ ಹೇಳಿದರೆ ಒಬ್ಬರಿಗೆ ದ್ರೋಹ, ಹೇಳದಿದ್ದರೆ ಇನ್ನೊಬ್ಬರಿಗೆ. ಗಡಿ ಎಳೆದವರಿಗೂ ಗಡಿಗಾಗಿ ಕೂಗುವವರಿಗೂ ಗಡಿಯ ಮೇಲಿನ ಮನೆಗಳ ಬಾಯಾರಿಕೆ ಲೆಕ್ಕಕ್ಕೆ ಬರುವುದಿಲ್ಲ ಎಂದು ನನಗೆ ಅನ್ನಿಸಿದ್ದು ಆಗಲೇ. 1956ರ ನವೆಂಬರಿನ ಕತೆಗಳನ್ನು ಕೇಳಿ ಬೆಳೆದ ನಮ್ಮ ಓದುಗರಿಗೆ ಆ ತಗ್ಗಿದ ದನಿ ಯಾವುದೆಂದು ಗೊತ್ತು.

ಯೋಜನೆ ನಿಲ್ಲಲಿಲ್ಲ. ಜಪಾನಿನ ಸಾಲದ ನೆರವಿನಿಂದ ಸುಮಾರು 1,900 ಕೋಟಿ ರೂಪಾಯಿಯ ಕೆಲಸ ನಡೆದು, 2013ರ ಮೇ ತಿಂಗಳಲ್ಲಿ ಜಯಲಲಿತಾ ಅವರು ಅದನ್ನು ಉದ್ಘಾಟಿಸಿದರು. ಹೊಗೆನಕಲ್ ತಗ್ಗಿನಲ್ಲಿದೆ, ಊರುಗಳು ಮೇಲಿವೆ. ನೀರನ್ನು ಎತ್ತಿ ಬೆಟ್ಟ ಹತ್ತಿಸಿ ಏರಿಳಿತದ ನೆಲದಲ್ಲಿ ಸಾಗಿಸಬೇಕು. ಅಂಥ ಕೊಳವೆ ಸಾಲಿನ ಡುಬ್ಬಗಳ ಮೇಲೆ ನಮ್ಮ ಹಿತ್ತಾಳೆ ಕುಪ್ಪಿಯ ಅಣ್ಣಂದಿರು ಕೂತಿರುತ್ತಾರೆ. ಎರಕದ ಕಬ್ಬಿಣದ ಏರ್ ವಾಲ್ವುಗಳು. ಒಳಗೆ ಅದೇ ತೇಲುವ ಚೆಂಡು, ಅದೇ ನೀತಿ. ಕೊಳವೆ ತುಂಬುವಾಗ ಗಾಳಿಯನ್ನು ಹೊರಗೆ ಬಿಡುವುದು, ಖಾಲಿಯಾಗುವಾಗ ಒಳಗೆ ಬಿಡುವುದು. ಒಳಗೆ ಬಿಡದಿದ್ದರೆ ಹೊರಗಿನ ಗಾಳಿಯ ಒತ್ತಡಕ್ಕೆ ತೆಳು ಉಕ್ಕಿನ ಕೊಳವೆ ತಗಡಿನ ಡಬ್ಬಿಯಂತೆ ಕುಗ್ಗಿಬಿಡುತ್ತದೆ.

ಚೆಂಡು ಸರಿಯಾಗಿ ಕೂರದ ವಾಲ್ವಿನಿಂದ ನೀರು ಚಿಮ್ಮುತ್ತದೆ. ದಾರಿಬದಿಯ ಅಂಥ ವಾಲ್ವಿನ ಸುತ್ತ ಕೊಡ ಹಿಡಿದ ಹೆಂಗಸರು, ಬಟ್ಟೆ ಒಗೆಯುವವರು, ನೀರು ಕುಡಿಸಲು ನಿಲ್ಲಿಸಿದ ಆಡುಗಳು. ಈ ನೋಟ ನಮ್ಮ ದೇಶದಲ್ಲಿ ಎಲ್ಲಿಯೂ ಅಪರೂಪವಲ್ಲ. ಬಾಯಾರಿದವರನ್ನು ಬೈಯುವ ಮನಸ್ಸು ನನಗಿಲ್ಲ. ಆದರೆ ನೀರು ಹೆಚ್ಚು ಬರಲೆಂದು ಚೆಂಡಿಗೆ ಕಲ್ಲು ಸಿಕ್ಕಿಸುವುದನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪಂಪು ನಿಂತ ಕೂಡಲೇ ಇಳಿಜಾರಿನ ನೀರು ಕೆಳಗೆ ಸರಿದು ಅದೇ ಬಾಯಿ ಒಳಗೆ ಎಳೆಯತೊಡಗುತ್ತದೆ. ಗಾಳಿಯಿದ್ದರೆ ಗಾಳಿ, ವಾಲ್ವು ಕೂತ ಗುಂಡಿಯಲ್ಲಿ ಸಾಬೂನಿನ ನೀರು, ಆಡಿನ ಹಿಕ್ಕೆ ನಿಂತಿದ್ದರೆ ಅದು. ಆಮೇಲೆ ಅದು ಕೆಳಗಿನ ಊರಿನ ನಲ್ಲಿಗೆ ಹೋಗುತ್ತದೆ. ಉಸಿರು ಬಿಡುವ ಮೂಗೇ ಉಸಿರು ಎಳೆಯುವ ಮೂಗು ಎಂದು ಮಾವನ ಊರಿನ ಹುಡುಗರಿಗೆ ನಾನು ತಮಿಳಿನಲ್ಲಿಯೂ ಹೇಳಿದ್ದೇನೆ, ಕನ್ನಡದಲ್ಲಿಯೂ ಹೇಳಿದ್ದೇನೆ. ಈಗ ಅವರೇ ಒಂದು ವಾಲ್ವಿನ ಗುಂಡಿಯನ್ನು ಬಳಿದು, ಸುತ್ತ ಮುಳ್ಳು ಹಾಕಿದ್ದಾರೆ. ನೀರು ಬರುವ ದಿನ ಗಾಳಿ ಸುಯ್ಯೆಂದು ಹೋಗುವ ಸದ್ದು ಕೇಳಿದರೆ ಮನೆಗಳಲ್ಲಿ ಕೊಡ ತೊಳೆಯಲು ಶುರುಮಾಡುತ್ತಾರೆ.

ಭಾವಮೈದುನನಿಗೆ 2014ರಲ್ಲಿ ಒಬ್ಬ ಮಗ ಹುಟ್ಟಿದ. ಹೊಗೆನಕಲ್ಲಿನ ನೀರು ಕುಡಿದು ಬೆಳೆದವನು. ಕಳೆದ ದೀಪಾವಳಿಗೆ ಹೋದಾಗ ಅವನ ಅಕ್ಕನೇ ಅವನ ಗಲ್ಲ ಹಿಡಿದೆತ್ತಿ, "ನೋಡಿ ಮಾಮ, ಇವನ ಹಲ್ಲು" ಎಂದು ತೋರಿಸಿದಳು. ತೋರಿಸುವಾಗ ತನ್ನ ಬಾಯಿಗೆ ಕೈ ಅಡ್ಡ ಹಿಡಿಯಲು ಅವಳಿಗೆ ನೆನಪಾಗಲಿಲ್ಲ.